ಚರ್ಮದ ಮಷೀನಿನಲ್ಲಿ ದಾರ ಹಿಂಜಿಕೊಳ್ಳುತ್ತಿದೆಯೇ? ಟೆನ್ಷನ್ ಮುಟ್ಟುವ ಮೊದಲು ಇದನ್ನು ನೋಡಿ

ಬೆಲ್ಟೋ ಬ್ಯಾಗೋ ಬೈಕಿನ ಸೀಟೋ ಹೊಲಿಯುತ್ತಿರುತ್ತೀರಿ. ಒಂದು ಅಡಿ ಚೆನ್ನಾಗಿ ಹೋಗುತ್ತದೆ. ಆಮೇಲೆ ಸೂಜಿಯ ಸ್ವಲ್ಪ ಮೇಲೆ ದಾರದಲ್ಲಿ ಸಣ್ಣ ಸಣ್ಣ ಎಳೆ ಏಳುತ್ತವೆ, ನಾಲ್ಕು ಹೊಲಿಗೆ ಹಾಕುವಷ್ಟರಲ್ಲಿ ಹತ್ತಿ ಹಿಂಜಿದ ಹಾಗೆ ಗುಂಜು ಕಟ್ಟುತ್ತದೆ, ಮುಂದಿನ ಹೊಲಿಗೆಗೆ ಟಪ್ ಅಂತ ಕಿತ್ತು ಹೋಗುತ್ತದೆ. ಬಟ್ಟೆಯಾಗಿದ್ದರೆ ಬಿಚ್ಚಿ ಮತ್ತೆ ಹೊಲಿಯಬಹುದಿತ್ತು. ಚರ್ಮದಲ್ಲಿ ತೂತು ಬಿದ್ದರೆ ಬಿತ್ತು, ಅದು ಮುಚ್ಚುವುದಿಲ್ಲ. ಮಾಲೂ ಹೋಯಿತು, ಸಮಯವೂ ಹೋಯಿತು. ಅದಕ್ಕೇ ಈ ತೊಂದರೆಯನ್ನು ಸರಿಯಾಗಿ ಹುಡುಕಿ ತೆಗೆಯುವುದನ್ನು ಕಲಿಯಲೇಬೇಕು.

ಹೆಚ್ಚಿನವರ ಕೈ ಮೊದಲು ಹೋಗುವುದು ಟೆನ್ಷನ್ ತಿರುಪಿನ ಕಡೆಗೆ. ಸ್ವಲ್ಪ ಸಡಿಲ ಮಾಡುತ್ತಾರೆ. ಐದು ನಿಮಿಷ ಸರಿ ಹೋದ ಹಾಗೆ ಕಾಣುತ್ತದೆ, ಅಷ್ಟರಲ್ಲಿ ಅಡಿಯಲ್ಲಿ ದಾರ ಕುಣಿಕೆ ಬೀಳಲು ಶುರು. ಸರಿ, ಬಾಬಿನ್ ಸಡಿಲ ಮಾಡೋಣ ಅಂತ ಅದಕ್ಕೂ ಕೈ ಹಾಕುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಯಾವ ತಿರುಪು ಮೊದಲು ಎಲ್ಲಿತ್ತು ಅಂತ ಯಾರಿಗೂ ಗೊತ್ತಿರುವುದಿಲ್ಲ. ಟೆನ್ಷನ್ ಬಿಗಿಯಾಗಿದ್ದರೆ ದಾರ ಸಾಮಾನ್ಯವಾಗಿ ಒಂದೇ ಏಟಿಗೆ ಕಡಿಯುತ್ತದೆ. ಎಳೆ ಎಳೆಯಾಗಿ ಬಿಚ್ಚಿಕೊಂಡು ಕಡಿಯುತ್ತಿದ್ದರೆ ಎಲ್ಲೋ ಒಂದು ಜಾಗ ದಾರವನ್ನು ಕೆರೆಯುತ್ತಿದೆ ಅಂತಲೇ ಅರ್ಥ. ಆ ಜಾಗ ಸಿಕ್ಕರೆ ಕೆಲಸ ಮುಗಿಯಿತು.

ಇಲ್ಲಿ ಬರೆದಿರುವುದು ಮುಖ್ಯವಾಗಿ ಜೂಕಿ 1541, 1508 ತರಹದ ವಾಕಿಂಗ್ ಫುಟ್ ಮಷೀನುಗಳಿಗೆ (ಒಳಗಿನದು, ಹೊರಗಿನದು ಅಂತ ಎರಡು ಫುಟ್ ಹೆಜ್ಜೆ ಹಾಕುತ್ತಾ ಚರ್ಮವನ್ನು ಸಾಗಿಸುವಂಥವು), ಮತ್ತು ದಪ್ಪ ಚರ್ಮಕ್ಕೆ ಬಳಸುವ 441 ತರಹದ ದೊಡ್ಡ ಮಷೀನುಗಳಿಗೆ. ಪ್ಯಾಚರ್ ಮತ್ತು ಮನೆ ಮಷೀನಿನ ವಿಷಯ ಕೊನೆಯ ಹತ್ತಿರ ಬರುತ್ತದೆ.

ಮೊದಲು ಕೆಟ್ಟ ದಾರವನ್ನೇ ನೋಡಿ

ದಾರ ಹಿಂಜಿಕೊಂಡ ತಕ್ಷಣ ಕಿತ್ತು ಕಸದ ಬುಟ್ಟಿಗೆ ಹಾಕಬೇಡಿ. ಮಷೀನು ನಿಲ್ಲಿಸಿ. ಕೈಯಿಂದ ಗಾಲಿ ತಿರುಗಿಸಿ ಸೂಜಿಯನ್ನು ಪೂರ್ತಿ ಮೇಲೆ ತನ್ನಿ, ಫುಟ್ ಎತ್ತಿ. ದಾರವನ್ನು ಕೋನಿನ ಹತ್ತಿರ ಕತ್ತರಿಸಿ, ಸೂಜಿಯ ಕಡೆಯಿಂದ ಮೆಲ್ಲಗೆ ಮುಂದಕ್ಕೆ ಎಳೆದುಕೊಳ್ಳಿ. ಹಿಂದಕ್ಕೆ ಎಳೆದರೆ ಗುಂಜು ಟೆನ್ಷನ್ ಡಿಸ್ಕ್ ಒಳಗೆ ಸಿಕ್ಕಿಕೊಂಡು ಇನ್ನೊಂದು ತೊಂದರೆ ಹುಟ್ಟುತ್ತದೆ. ಎಳೆದ ದಾರವನ್ನು ಬಿಳಿ ಕಾಗದದ ಮೇಲೆ ಇಟ್ಟು, ಬೆಳಕಿನಲ್ಲಿ, ಸಾಧ್ಯವಾದರೆ ಭೂತಗನ್ನಡಿ ಹಿಡಿದು ನೋಡಿ.

ದಾರದ ಮೇಲಿನ ಹೊಳಪಿನ ಪದರ ಸಿಪ್ಪೆಯಂತೆ ಕಿತ್ತು ಸೂಜಿಯ ಕಣ್ಣಿನ ಮೇಲ್ಭಾಗದಲ್ಲಿ ಒಟ್ಟಾಗಿದ್ದರೆ ದಾರಕ್ಕೆ ಸೂಜಿಯ ಕಣ್ಣು ಸಾಲುತ್ತಿಲ್ಲ. ಮೂರು ಎಳೆಯಲ್ಲಿ ಒಂದು ಮಾತ್ರ ಚೂಪಾಗಿ ಕತ್ತರಿಸಿ ಸುರುಳಿ ಸುತ್ತಿಕೊಂಡು, ಉಳಿದೆರಡು ಚೆನ್ನಾಗಿಯೇ ಇದ್ದರೆ ಪ್ಲೇಟಿನ ಕೆಳಗೆ ಹುಕ್ಕಿನ (ಸೂಜಿಯ ದಾರ ಹಿಡಿದು ಬಾಬಿನ್ ಸುತ್ತ ಒಯ್ಯುವ ಕೊಕ್ಕೆ) ತುದಿ ದಾರದ ಮಧ್ಯೆ ಚುಚ್ಚುತ್ತಿದೆ. ತುದಿ ಕರಗಿ ಗಟ್ಟಿ ಗುಂಡಾಗಿದ್ದರೆ ಅದು ಬಿಸಿಯ ಕೆಲಸ. ಮೇಲೆ ಕೆಳಗೆ ಆಡುತ್ತಾ ದಾರ ಎಳೆಯುವ ಟೇಕಪ್ ಲಿವರಿಗೆ ಬರುವ ಮೊದಲೇ ದಾರ ಒರಟಾಗಿದ್ದರೆ ಸೂಜಿಯನ್ನೂ ಹುಕ್ಕನ್ನೂ ಬಿಡಿ, ದಾರ ಬರುವ ದಾರಿಯಲ್ಲಿ ಹುಡುಕಿ. ಎಳೆಗಳು ಕಡಿದಿಲ್ಲ, ಸುಮ್ನೆ ಒಂದರಿಂದ ಒಂದು ಬಿಟ್ಟುಕೊಂಡಿವೆ ಅನ್ನುವ ಹಾಗಿದ್ದರೆ ದಾರದ ಹುರಿಯೇ ತಪ್ಪಿರಬಹುದು.

ಇಷ್ಟು ನೋಡಲು ಎರಡು ನಿಮಿಷ ಸಾಕು, ಅರ್ಧ ದಿನದ ಪರದಾಟ ತಪ್ಪುತ್ತದೆ.

ಸೂಜಿ ಮತ್ತು ದಾರದ ಜೋಡಿ

ಸೂಜಿಯ ಕಣ್ಣಿನ ಮೂಲಕ ದಾರ ಒಂದೇ ಸಲ ಹೋಗಿ ಹೊಲಿಗೆಯಾಗುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಲ್ಲ. ಒಂದು ಹೊಲಿಗೆಗೆ ಖರ್ಚಾಗುವ ದಾರ ಒಂದು ಸೆಂಟಿಮೀಟರಿನ ಆಸುಪಾಸು. ಆದರೆ ಹುಕ್ಕು ಆ ದಾರವನ್ನು ಬಾಬಿನ್ ಕೇಸಿನ ಸುತ್ತ ಪೂರ್ತಿ ಬಳಸಿಕೊಂಡು ಬರಬೇಕಲ್ಲ, ಅದಕ್ಕಾಗಿ ಪ್ರತಿ ಹೊಲಿಗೆಗೂ ಹತ್ತು ಸೆಂಟಿಮೀಟರಿನಷ್ಟು ದಾರ ಕೆಳಗೆ ಹೋಗಿ, ಟೇಕಪ್ ಲಿವರ್ ಎಳೆದಾಗ ಹೆಚ್ಚುಕಡಿಮೆ ಅಷ್ಟೂ ವಾಪಸ್ ಮೇಲೆ ಬರುತ್ತದೆ. ಅಂದರೆ ದಾರದ ಒಂದೇ ತುಣುಕು ಚರ್ಮದಲ್ಲಿ ಕೂರುವ ಮೊದಲು ಅದೇ ಕಣ್ಣಿನಲ್ಲಿ ಹತ್ತಾರು ಸಲ ಮೇಲೆ ಕೆಳಗೆ ಓಡಾಡಿರುತ್ತದೆ. ಹೊಲಿಗೆ ಚಿಕ್ಕದಾದಷ್ಟೂ ಈ ಓಡಾಟ ಜಾಸ್ತಿ. ಕಣ್ಣು ಒಂದು ಕೂದಲಿನಷ್ಟು ಬಿಗಿಯಾಗಿದ್ದರೂ ದಾರ ಯಾಕೆ ಕೆಡುತ್ತದೆ ಅಂತ ಈಗ ಗೊತ್ತಾಯಿತಲ್ವಾ?

ಬಾಂಡೆಡ್ ನೈಲಾನ್ ದಾರಕ್ಕೆ, ಅಂದರೆ ಎಳೆಗಳನ್ನು ಹೊಳಪಿನ ಪದರದಿಂದ ಅಂಟಿಸಿದ ದಾರಕ್ಕೆ, ಸಾಮಾನ್ಯವಾಗಿ ಹೊಂದುವ ಸೂಜಿ ಹೀಗಿವೆ. ವಿ ಅನ್ನುವುದು ದಾರದ ದಪ್ಪದ ನಂಬರ್. ವಿ-69 ದಾರಕ್ಕೆ 100 ಅಥವಾ 110ರ ಸೂಜಿ, ಅಂದರೆ ಹಳೇ ಲೆಕ್ಕದಲ್ಲಿ 16 ಅಥವಾ 18. ವಿ-92ಕ್ಕೆ 110 ಅಥವಾ 120. ವಿ-138ಕ್ಕೆ 140 ಅಥವಾ 160, ಅಂದರೆ 22 ಅಥವಾ 23. ವಿ-207ಕ್ಕೆ 160 ಅಥವಾ 180. ವಿ-277ಕ್ಕೆ 180 ಅಥವಾ 200. ತೆಳುವಾದ ಮೆತ್ತನೆ ಚರ್ಮಕ್ಕೆ ಚಿಕ್ಕ ಅಳತೆ ನಡೆಯುತ್ತದೆ, ಗಟ್ಟಿ ಚರ್ಮ, ಎರಡು ಮೂರು ಪದರ ಇದ್ದರೆ ದೊಡ್ಡದೇ ಬೇಕು. ಬಾಬಿನ್ನಿಗೂ ಮೇಲಿನಷ್ಟೇ ದಪ್ಪದ ದಾರ ಹಾಕಿದ್ದರೆ ಗಂಟು ಚರ್ಮದೊಳಗೆ ಅಡಗಲು ಜಾಗ ಬೇಕು. ಆಗಲೂ ದೊಡ್ಡ ಸೂಜಿಯ ಕಡೆಗೇ ಹೋಗಿ.

ಅಂಗಡಿಯಲ್ಲಿ ದಾರ ಕೊಳ್ಳುವಾಗ ಒಂದು ಗೊಂದಲ ಎಲ್ಲರಿಗೂ ಆಗುತ್ತದೆ. ಕೆಲವು ಕೋನಿನ ಮೇಲೆ ಟೆಕ್ಸ್ ಇರುತ್ತದೆ, ಕೆಲವದರ ಮೇಲೆ ಟಿಕೆಟ್ ನಂಬರ್. ಟೆಕ್ಸ್ ಮತ್ತು ವಿ ನಂಬರ್ ಜಾಸ್ತಿಯಾದಷ್ಟೂ ದಾರ ದಪ್ಪ. ಟಿಕೆಟ್ ನಂಬರ್ ತಿರುಗಾಮುರುಗಾ, ಅದು ಜಾಸ್ತಿಯಾದಷ್ಟೂ ದಾರ ಸಣ್ಣ. ಟಿಕೆಟ್ 40 ಅಂದರೆ ಸುಮಾರು ಟೆಕ್ಸ್ 70, ಅದೇ ವಿ-69. ಟಿಕೆಟ್ 20 ಅಂದರೆ ಸುಮಾರು ಟೆಕ್ಸ್ 135, ಅದು ವಿ-138. "ಇಪ್ಪತ್ತರ ದಾರ ಕೊಡಿ" ಅಂತ ಕೇಳಿ ತಂದು, ನಲವತ್ತರ ದಾರಕ್ಕೆ ಹಾಕಿದ್ದ ಸೂಜಿಯಲ್ಲೇ ಹೊಲಿಯಲು ಕೂತರೆ ಹಿಂಜದೆ ಇನ್ನೇನಾಗುತ್ತದೆ ಹೇಳಿ!

ಅಳತೆ ಪಟ್ಟಿಯನ್ನೂ ಪೂರ್ತಿ ನಂಬಬೇಕಾಗಿಲ್ಲ, ಕೈಯಲ್ಲೇ ಪರೀಕ್ಷೆ ಮಾಡಬಹುದು. ಮಷೀನಿಗೆ ಹಾಕದ ಹೊಸ ಸೂಜಿ ತೆಗೆದುಕೊಳ್ಳಿ. ಒಂದು ಅಡಿ ದಾರ ಕತ್ತರಿಸಿ ಸೂಜಿಯ ಕಣ್ಣಿನಲ್ಲಿ ಪೋಣಿಸಿ. ದಾರದ ಎರಡೂ ತುದಿ ಬಿಗಿಯಾಗಿ ಹಿಡಿದು ಒಂದು ಕೈ ಮೇಲೆ ಒಂದು ಕೈ ಕೆಳಗೆ ಮಾಡಿ, ಓರೆಯಾಗಿ ಹಿಡಿಯಿರಿ. ಸೂಜಿ ತನ್ನ ಭಾರಕ್ಕೇ ಸರಾಗವಾಗಿ ಜಾರಿ ಕೆಳಗೆ ಬರಬೇಕು. ನಡುವೆ ನಿಂತರೆ, ಬೆರಳಿನಿಂದ ತಟ್ಟಿದರೆ ಮಾತ್ರ ಹೋಗುತ್ತಿದ್ದರೆ, ಒಂದು ಅಳತೆ ದೊಡ್ಡ ಸೂಜಿ ಹಾಕಿ. ಕೋನು ಬದಲಾದಾಗಲೆಲ್ಲ ಇದನ್ನು ಮಾಡಿ. ಒಂದೇ ನಂಬರಿನ ದಾರವಾದರೂ ಬಣ್ಣ ಬದಲಾದರೆ, ತಯಾರಿ ಬದಲಾದರೆ ದಪ್ಪದಲ್ಲಿ, ಬಿರುಸಿನಲ್ಲಿ ಸ್ವಲ್ಪ ವ್ಯತ್ಯಾಸ ಇರುತ್ತದೆ.

ಇನ್ನು ಸೂಜಿಯ ಮೊನೆ. ಚರ್ಮಕ್ಕೆ ಕೊಯ್ಯುವ ಮೊನೆಯ ಸೂಜಿ ಬೇಕು. ವಾಕಿಂಗ್ ಫುಟ್ ಮಷೀನಿನಲ್ಲಿ 135×16 ಅಂದರೆ ಚರ್ಮದ ಮೊನೆ, 135×17 ಅಂದರೆ ಬಟ್ಟೆಯ ದುಂಡು ಮೊನೆ. ದುಂಡು ಮೊನೆ ಚರ್ಮವನ್ನು ಕೊಯ್ಯುವುದಿಲ್ಲ, ಪಕ್ಕಕ್ಕೆ ತಳ್ಳಿಕೊಂಡು ಹೋಗುತ್ತದೆ. ಆ ಚರ್ಮ ಸೂಜಿಯನ್ನೂ ದಾರವನ್ನೂ ಎರಡು ಕಡೆಯಿಂದ ಒತ್ತಿ ಹಿಡಿಯುತ್ತದೆ, ದಾರ ಉಜ್ಜಿಕೊಂಡೇ ಮೇಲೆ ಬರಬೇಕು. ಮೆತ್ತನೆ ಮೇಕೆ ಚರ್ಮದಲ್ಲಿ ಇದು ಗೊತ್ತಾಗದೆ ಇರಬಹುದು, ಬೆಲ್ಟಿನ ಎಮ್ಮೆ ಚರ್ಮದಲ್ಲಿ ಮೊದಲ ಗೇಣಿಗೇ ಗೊತ್ತಾಗುತ್ತದೆ. ರೆಕ್ಸಿನ್ ಕೆಲಸ ಮಾಡುವವರು ಮಾತ್ರ ದುಂಡು ಮೊನೆಯನ್ನೇ ಇಟ್ಟುಕೊಳ್ಳಿ. ಕೊಯ್ಯುವ ಮೊನೆ ರೆಕ್ಸಿನ್ನಿನ ಹಿಂದಿನ ಬಟ್ಟೆಯನ್ನು ಕತ್ತರಿಸಿ ಹೊಲಿಗೆಯನ್ನೇ ದುರ್ಬಲ ಮಾಡುತ್ತದೆ.

ಸೂಜಿ ಹಾಕಿರುವ ದಿಕ್ಕನ್ನೂ ನೋಡಿ. ಸೂಜಿಯ ಒಂದು ಬದಿಗೆ ಉದ್ದದ ಗೀರು ಇರುತ್ತದೆ, ಇನ್ನೊಂದು ಬದಿಗೆ ಕಣ್ಣಿನ ಮೇಲೆ ಕೆತ್ತಿದ ಹಾಗೆ ತಗ್ಗು. ತಗ್ಗು ಹುಕ್ಕಿನ ಕಡೆ ಇರಬೇಕು, ಗೀರು ದಾರ ಒಳಗೆ ಹೋಗುವ ಕಡೆ. ಸೂಜಿ ಚರ್ಮದೊಳಗೆ ಇಳಿಯುವಾಗ ದಾರ ಆ ಗೀರಿನಲ್ಲಿ ಅಡಗಿಕೊಂಡು ಹೋಗುತ್ತದೆ. ಸೂಜಿ ಸ್ವಲ್ಪ ಓರೆಯಾಗಿ ಕೂತಿದ್ದರೂ ದಾರ ಗೀರಿನಿಂದ ಹೊರಗೆ ಬಂದು ಚರ್ಮಕ್ಕೆ ಉಜ್ಜುತ್ತದೆ. ಈ ಸೂಜಿಗಳ ತೊಟ್ಟು ದುಂಡಗೆ, ಮನೆ ಮಷೀನಿನ ಸೂಜಿಯ ಹಾಗೆ ಒಂದು ಕಡೆ ಚಪ್ಪಟೆ ಇಲ್ಲ. ಆದ್ದರಿಂದ ಕಣ್ಣಳತೆಯಲ್ಲೇ ನೇರ ಮಾಡಬೇಕು. ಕಣ್ಣಿನಲ್ಲಿ ಇನ್ನೊಂದು ಸಣ್ಣ ಸೂಜಿ ಅಡ್ಡ ತೂರಿಸಿದರೆ ದಿಕ್ಕು ಚೆನ್ನಾಗಿ ಕಾಣುತ್ತದೆ.

ಮತ್ತೆ, ಸೂಜಿ ಹಳೆಯದಾಗಿದ್ದರೆ ಎಸೆಯಿರಿ. ಮೊನೆ ಸರಿಯಿದ್ದರೂ ಕಣ್ಣಿನ ಅಂಚು ಸವೆದು ಹರಿತವಾಗಿರಬಹುದು. ಒಂದು ಸೂಜಿಯ ದುಡ್ಡು ಉಳಿಸಲು ಹೋಗಿ ಒಂದು ಬ್ಯಾಗಿನ ಚರ್ಮ ಹಾಳು ಮಾಡಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಹುರಿ ಎಡಕ್ಕೋ ಬಲಕ್ಕೋ

ಇದನ್ನು ತುಂಬಾ ಜನ ನೋಡುವುದೇ ಇಲ್ಲ. ಈ ಮಷೀನುಗಳ ಸೂಜಿಗೆ ಎಡ ಹುರಿಯ ದಾರವೇ ಬೇಕು. ಬಲ ಹುರಿಯದು ಹಾಕಿದರೆ ಪ್ರತಿ ಹೊಲಿಗೆಗೂ ಹುರಿ ಸ್ವಲ್ಪ ಸ್ವಲ್ಪ ಬಿಚ್ಚುತ್ತಾ ಹೋಗಿ ಎಳೆಗಳು ಬೇರೆಯಾಗುತ್ತವೆ. ಸೂಜಿ ಹೊಸದು, ಹುಕ್ಕು ಕನ್ನಡಿಯಂತಿದೆ, ಆದರೂ ದಾರ ಹಿಂಜುತ್ತದೆ ಅಂದರೆ ಇದೇ ಇರಬಹುದು.

ಪರೀಕ್ಷೆ ಸುಲಭ. ದಾರವನ್ನು ಎರಡೂ ಕೈಯ ಹೆಬ್ಬೆರಳು ತೋರುಬೆರಳ ನಡುವೆ ಅಡ್ಡಕ್ಕೆ ಹಿಡಿಯಿರಿ. ಎಡಗೈ ಅಲ್ಲಾಡಿಸಬೇಡಿ. ಬಲಗೈಯಲ್ಲಿ ದಾರದ ಮೇಲ್ಭಾಗ ನಿಮ್ಮ ಕಡೆ ಬರುವ ಹಾಗೆ ಹೊಸೆಯಿರಿ. ಹುರಿ ಬಿಗಿಯಾದರೆ ಎಡ ಹುರಿ, ಧೈರ್ಯವಾಗಿ ಹಾಕಿ. ಬಿಚ್ಚಿಕೊಂಡರೆ ಬಲ ಹುರಿ, ಅದನ್ನು ಬೇಕಾದರೆ ಬಾಬಿನ್ನಿಗೆ ಸುತ್ತಿ ಖರ್ಚು ಮಾಡಿ.

ಕೈಹೊಲಿಗೆಗೆ ಬರುವ ಮೇಣದ ದಾರವನ್ನು ಮಷೀನಿಗೆ ಹಾಕುವವರಿದ್ದಾರೆ. ದಯವಿಟ್ಟು ಬೇಡ. ಮೇಣ ಟೆನ್ಷನ್ ಡಿಸ್ಕಿನಲ್ಲಿ, ಸೂಜಿಯ ಕಣ್ಣಿನಲ್ಲಿ ಮೆತ್ತಿಕೊಂಡು ದಾರ ತಡೆದು ತಡೆದು ಬರುತ್ತದೆ. ಬಿಸಿಲು ಬೀಳುವ ಕಿಟಕಿಯ ಹತ್ತಿರ ವರ್ಷಗಟ್ಟಲೆ ಇಟ್ಟ ನೈಲಾನ್ ಕೋನೂ ಅಷ್ಟೇ. ಬಿಸಿಲಿಗೆ ನೈಲಾನ್ ಸತ್ವ ಕಳೆದುಕೊಳ್ಳುತ್ತದೆ. ಹೊರಗಿನ ಹತ್ತು ಸುತ್ತು ಬಿಚ್ಚಿ ಎಸೆದು ಒಳಗಿನ ದಾರವನ್ನು ಕೈಯಲ್ಲಿ ಎಳೆದು ನೋಡಿ. ಸುಲಭವಾಗಿ ಕಡಿದರೆ ಆ ಕೋನು ಕೆಲಸಕ್ಕೆ ಬಾರದು.

ಕೋನಿನಿಂದ ಸೂಜಿಯವರೆಗೆ

ದಾರ ಕೋನಿನಿಂದ ನೇರ ಮೇಲಕ್ಕೆ ಏಳಬೇಕು, ಮೇಲಿನ ಕೊಂಡಿ ಕೋನಿನ ನಡುಮಧ್ಯದ ನೆತ್ತಿಗೆ ಸರಿಯಾಗಿ ಇರಬೇಕು. ಕೊಂಡಿಯ ಎತ್ತರ ಕೋನಿನ ಎತ್ತರದ ಎರಡೂವರೆ ಪಟ್ಟು ಇದ್ದರೆ ಒಳ್ಳೆಯದು. ಬಾಂಡೆಡ್ ದಾರ ಬಿರುಸು, ಕೋನಿನ ಮೇಲೆ ಕೂತ ಸುರುಳಿಯನ್ನು ಅದು ಬೇಗ ಮರೆಯುವುದಿಲ್ಲ. ಕೊಂಡಿ ತಗ್ಗಿನಲ್ಲಿದ್ದರೆ ಆ ಸುರುಳಿ ಹಾಗೇ ಟೆನ್ಷನ್ನಿಗೆ ಬಂದು ಗಂಟಾಗಿ ನಿಲ್ಲುತ್ತದೆ. ಸುತ್ತು ಜಾರಿ ಕೋನಿನ ಬುಡಕ್ಕೆ ಸಿಕ್ಕಿಕೊಳ್ಳುವುದೂ ಉಂಟು. ಕೋನಿನ ಕೆಳಗೆ ಒಂದು ತುಂಡು ಸ್ಪಂಜು ಇಟ್ಟರೆ ಅದು ನಿಲ್ಲುತ್ತದೆ.

ಆಮೇಲೆ ದಾರ ಹಾಯುವ ಪ್ರತಿ ತೂತು, ಪ್ರತಿ ಕೊಂಡಿ. ಹಳೇ ಮಷೀನಿನಲ್ಲಿ ನೈಲಾನ್ ದಾರ ಉಜ್ಜಿ ಉಜ್ಜಿ ಕಬ್ಬಿಣದಲ್ಲೇ ಗೆರೆ ಬಿದ್ದಿರುತ್ತದೆ, ಟೇಕಪ್ ಲಿವರಿನ ತೂತಿನಲ್ಲಂತೂ ಜಾಸ್ತಿ. ಬೆರಳಿಗೆ ಗೊತ್ತಾಗುವುದಿಲ್ಲ. ಸ್ವಲ್ಪ ಹತ್ತಿಯನ್ನು ಕಡ್ಡಿಗೆ ಸುತ್ತಿ ಪ್ರತಿ ತೂತಿನ ಅಂಚಿಗೂ ಸವರಿ. ಎಲ್ಲಿ ಹತ್ತಿಯ ಎಳೆ ಸಿಕ್ಕಿಕೊಂಡು ಉಳಿಯುತ್ತದೋ ಅಲ್ಲಿ ಮುಳ್ಳೆದ್ದಿದೆ. ಹೂ ಕಟ್ಟುವ ಹತ್ತಿ ದಾರ ನಾಲ್ಕೈದು ಎಳೆ ಒಟ್ಟು ಮಾಡಿ, ಬ್ರಾಸೊ (ಹಿತ್ತಾಳೆ ಉಜ್ಜುವ ಪಾಲಿಷ್) ಹಚ್ಚಿ, ತೂತಿನಲ್ಲಿ ಹಿಂದೆ ಮುಂದೆ ಎಳೆಯಿರಿ. ಹತ್ತು ನಿಮಿಷದಲ್ಲಿ ನುಣುಪಾಗುತ್ತದೆ. ಗೆರೆ ಆಳವಾಗಿದ್ದರೆ ಆ ಭಾಗ ಬದಲಾಯಿಸುವುದೇ ಸರಿ.

ಟೆನ್ಷನ್ ಡಿಸ್ಕುಗಳ ನಡುವೆ ಹಿಂದಿನ ಸಲ ಕಿತ್ತ ದಾರದ ಚೂರು ಕೂತಿರಬಹುದು. ಫುಟ್ ಎತ್ತಿದರೆ ಡಿಸ್ಕುಗಳು ಸಡಿಲವಾಗುತ್ತವೆ, ಆಗ ತೆಳು ಬಟ್ಟೆ ತೂರಿಸಿ ಒರೆಸಿ. ದಾರ ಎಲ್ಲೂ ಎರಡು ಸುತ್ತು ಹೋಗಿಲ್ಲ ತಾನೇ ಅಂತಲೂ ನೋಡಿಬಿಡಿ.

ಪ್ಲೇಟಿನ ಕೆಳಗೆ

ಇನ್ನು ಮುಂದಿನದೆಲ್ಲ ಪ್ಲಗ್ ಕಿತ್ತ ಮೇಲೆ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗೇ ಕೀಳಿ. ಸರ್ವೋ ಮೋಟಾರಿನ ಪೆಡಲಿಗೆ ಕಾಲು ತಾಗಿದರೆ ಬೆರಳಿಗೇ ಸೂಜಿ ಇಳಿಯುತ್ತದೆ.

ಪ್ಲೇಟ್ ಬಿಚ್ಚಿ ಬ್ರಷ್ಷಿನಿಂದ ಧೂಳು, ಚರ್ಮದ ಪುಡಿ, ದಾರದ ಚೂರು ಎಲ್ಲ ತೆಗೆಯಿರಿ. ಪ್ಲೇಟಿನಲ್ಲಿ, ಚರ್ಮವನ್ನು ತಳ್ಳುವ ಹಲ್ಲಿನಲ್ಲಿ ಸೂಜಿ ಇಳಿಯುವ ತೂತಿನ ಅಂಚನ್ನು ನೋಡಿ. ಯಾವತ್ತೋ ಸೂಜಿ ಬಾಗಿ ಹೊಡೆದ ಗುರುತು ಅಲ್ಲಿದ್ದರೆ ಅದೇ ಮುಳ್ಳು. ಒಳಗಿನ ಫುಟ್ಟಿನ ತೂತನ್ನೂ ಅದೇ ಹತ್ತಿಯಿಂದ ಸವರಿ. ಸೂಜಿ ದಪ್ಪದ್ದು ಹಾಕಿ ಫುಟ್ ಮಾತ್ರ ಸಣ್ಣ ತೂತಿನದೇ ಇದ್ದರೆ ದಾರಕ್ಕೆ ಉಸಿರಾಡಲು ಜಾಗ ಇರುವುದಿಲ್ಲ.

ಹುಕ್ಕಿನ ತುದಿಯೇ ಇಲ್ಲಿ ಮುಖ್ಯ ಆರೋಪಿ. ದಾರ ಗಂಟು ಬಿದ್ದು ಮಷೀನು ಜಾಮ್ ಆದಾಗ, ಸೂಜಿ ಮುರಿದಾಗ, ಆ ತುದಿಗೆ ಪೆಟ್ಟು ಬೀಳುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಮುಳ್ಳು ಸಾಕು, ಪ್ರತಿ ಹೊಲಿಗೆಗೂ ಅದು ದಾರದ ಒಂದು ಎಳೆ ಎತ್ತುತ್ತದೆ. ಉಗುರಿನ ಮೇಲೆ ಹುಕ್ಕಿನ ತುದಿಯನ್ನು ಮೆಲ್ಲಗೆ ಎಳೆದು ನೋಡಿ, ಉಗುರಿಗೆ ಗೀರು ಬಿದ್ದರೆ ಅಲ್ಲಿದೆ. 1000 ನಂಬರಿನ ಅಥವಾ ಅದಕ್ಕಿಂತ ನಯವಾದ ಎಮರಿ ಪೇಪರಿನ ಸಣ್ಣ ಪಟ್ಟಿಯಿಂದ ತುದಿಯ ಕಡೆಗೆ ಮಾತ್ರ ಉಜ್ಜಿ. ಆಮೇಲೆ ಬ್ರಾಸೊ ಹಚ್ಚಿದ ಬಟ್ಟೆ. ತುದಿಯ ಆಕಾರ ಹೋಗಬಾರದು, ಮೊಂಡಾಗಬಾರದು. ಮೊಂಡಾದರೆ ದಾರ ಹಿಡಿಯುವುದನ್ನೇ ತಪ್ಪಿಸುತ್ತದೆ. ಫೈಲಿನಿಂದ ಇಲ್ಲಿ ಕೆಲಸ ಮಾಡಲೇಬೇಡಿ. ಉಜ್ಜಿದ ಪುಡಿ ಪೂರ್ತಿ ಒರೆಸಿ, ಒಂದು ಹನಿ ಎಣ್ಣೆ ಬಿಟ್ಟು, ಹಳೇ ರೆಕ್ಸಿನ್ ತುಂಡಿನ ಮೇಲೆ ಎರಡು ಮೊಳ ಓಡಿಸಿ, ಆಮೇಲೆ ಮಾಲಿಗೆ ಹಾಕಿ.

ಸೂಜಿಗೂ ಹುಕ್ಕಿಗೂ ನಡುವಿನ ಸಂದು. ಅದು 0.05ರಿಂದ 0.1 ಮಿ.ಮೀ. ಇರಬೇಕು, ಅಂದರೆ ತೆಳು ಕಾಗದದಷ್ಟು. ಈಗ ಯೋಚನೆ ಮಾಡಿ. ನಿನ್ನೆ 110ರ ಸೂಜಿಯಲ್ಲಿ ಪರ್ಸು ಹೊಲಿದಿರಿ, ಇವತ್ತು ಬೆಲ್ಟಿಗೆ 160ರ ಸೂಜಿ ಹಾಕಿದಿರಿ. ಸೂಜಿಯ ದಪ್ಪ 1.1 ಮಿ.ಮೀ. ಇದ್ದದ್ದು 1.6 ಆಯಿತು. ಹುಕ್ಕು ಎಲ್ಲಿತ್ತೋ ಅಲ್ಲೇ ಇದೆ. ಈಗ ಹುಕ್ಕು ಸೂಜಿಗೆ ಉಜ್ಜುತ್ತಿರಬಹುದು. ಅದಕ್ಕೆ ತಕ್ಕ ಹಾಗೆ ಹುಕ್ಕನ್ನು ಸರಿಸಿಕೊಂಡು, ಮುಂದಿನ ವಾರ ಮತ್ತೆ 110ಕ್ಕೆ ಬಂದರೆ ಸಂದು ದೊಡ್ಡದಾಗಿರುತ್ತದೆ. ಸಂದು ದೊಡ್ಡದಾದಾಗ ಹುಕ್ಕು ದಾರದ ಕುಣಿಕೆಯ ಒಳಗೆ ಹೋಗುವ ಬದಲು ದಾರದ ಮಧ್ಯಕ್ಕೇ ಚುಚ್ಚುತ್ತದೆ, ಒಂದು ಎಳೆ ಕಡಿಯುವುದು ಹೀಗೆಯೇ. ನನ್ನ ಸಲಹೆ ಕೇಳುವುದಾದರೆ, ಒಂದು ಮಷೀನಿಗೆ ಒಂದೆರಡು ಹತ್ತಿರದ ಅಳತೆಯ ಸೂಜಿ ಮಾತ್ರ ಇಟ್ಟುಕೊಳ್ಳಿ. ಒಂದರಲ್ಲೇ ಪರ್ಸಿನಿಂದ ಹಿಡಿದು ಕುದುರೆ ಜೀನಿನವರೆಗೆ ಎಲ್ಲ ಹೊಲಿಯುತ್ತೇನೆ ಅಂದರೆ ಪ್ರತಿ ಸಲ ಹುಕ್ಕು ಹೊಂದಿಸುತ್ತಲೇ ಇರಬೇಕು.

1541, 1508ರಂಥ ಮಷೀನುಗಳಲ್ಲಿ ಮಾತ್ರ ಇರುವ ಇನ್ನೊಂದು ಜಾಗ ಇದೆ, ಅನುಭವ ಇರುವವರೂ ಮರೆಯುವಂಥದ್ದು. ಬಾಬಿನ್ ಕೇಸಿನ ಪಕ್ಕದಲ್ಲಿ ಒಂದು ಚಿಕ್ಕ ಬೆರಳಿನಂಥ ಲಿವರ್ ಇದೆ, ಓಪನರ್ ಅನ್ನುತ್ತಾರೆ. ಬಾಬಿನ್ ಕೇಸ್ ಸುತ್ತದೆ ನಿಲ್ಲಲು ಅದರ ಮೂಗು ಪ್ಲೇಟಿನ ಅಡಿಯ ಕಚ್ಚಿಗೆ ಒರಗಿ ನಿಂತಿರುತ್ತದೆ. ದಾರ ಕೇಸನ್ನು ಸುತ್ತಿ ಬಂದು ಮೇಲೆ ಏಳುವಾಗ ಆ ಮೂಗಿಗೂ ಪ್ಲೇಟಿಗೂ ನಡುವೆಯೇ ಹಾಯಬೇಕು. ಆ ಕ್ಷಣಕ್ಕೆ ಓಪನರ್ ಕೇಸನ್ನು ಸ್ವಲ್ಪ ಹಿಂದೆ ಎಳೆದು ದಾರಿ ಬಿಡುತ್ತದೆ. ವಿ-69 ದಾರಕ್ಕೆ ಸಾಲುತ್ತಿದ್ದ ದಾರಿ, ಸುಮಾರು 0.4 ಮಿ.ಮೀ. ದಪ್ಪ ಇರುವ ವಿ-138ಕ್ಕೆ ಸಾಲದೆ ಹೋಗಬಹುದು. ಆಗ ದಾರ ಅಲ್ಲಿ ಅರೆಗಳಿಗೆ ಸಿಕ್ಕಿಕೊಂಡು ಕಿತ್ತುಕೊಂಡು ಬರುತ್ತದೆ. ಗಾಲಿಯನ್ನು ಕೈಯಲ್ಲಿ ನಿಧಾನ ತಿರುಗಿಸಿ, ಕಿವಿಗೊಟ್ಟು ಕೇಳಿ. ದಾರ ಮೇಲೆ ಬರುವಾಗ ಟಕ್ ಅಂತ ಸದ್ದು ಬಂದರೆ, ಅಥವಾ ಗಾಲಿಗೆ ಒಂದು ತಡೆ ತಾಗಿದರೆ, ಜಾಗ ಸಿಕ್ಕಿತು. ಓಪನರಿನ ತಿರುಪು ಸಡಿಲಿಸಿ, ದಾರದ ದಪ್ಪಕ್ಕಿಂತ ತುಸು ಜಾಸ್ತಿ ದಾರಿ ಬಿಡುವ ಹಾಗೆ ಹೊಂದಿಸಿ ಮತ್ತೆ ಬಿಗಿ ಮಾಡಿ.

ಇಷ್ಟೆಲ್ಲ ಆದ ಮೇಲೂ ಹಿಂಜುತ್ತಿದ್ದರೆ ಮಾತ್ರ ಟೈಮಿಂಗ್ ನೋಡಿ. ಸೂಜಿ ಪೂರ್ತಿ ಕೆಳಗೆ ಹೋಗಿ ಸುಮಾರು 2ರಿಂದ 2.5 ಮಿ.ಮೀ. ಮೇಲೆ ಎದ್ದಾಗ ಹುಕ್ಕಿನ ತುದಿ ಸೂಜಿಯ ನಡುವಿಗೆ ಬರಬೇಕು, ಕಣ್ಣಿನ ಮೇಲಂಚಿನಿಂದ ಒಂದೂವರೆ ಎರಡು ಮಿ.ಮೀ. ಮೇಲೆ ಇರಬೇಕು. ನಿಮ್ಮ ಮಾಡೆಲಿನ ಸರಿಯಾದ ಅಳತೆ ಮಷೀನಿನ ಪುಸ್ತಕದಲ್ಲಿ ಇರುತ್ತದೆ, ಅದನ್ನೇ ಹಿಡಿಯಿರಿ. ಹಿಂದೆ ಮಾಡಿ ಅಭ್ಯಾಸ ಇಲ್ಲದಿದ್ದರೆ ಮೆಕ್ಯಾನಿಕ್ಕನ್ನು ಕರೆಸಿ, ಪಕ್ಕದಲ್ಲಿ ನಿಂತು ಒಂದು ಸಲ ನೋಡಿ ಕಲಿಯಿರಿ. ಕರೆಯುವಾಗ ನೀವು ಬಳಸುವ ಸೂಜಿಯ ಅಳತೆ ಮೊದಲೇ ಹೇಳಿ, ಆ ಸೂಜಿಯನ್ನೇ ಹಾಕಿ ಹೊಂದಿಸಲಿ.

ಬಿಸಿ ಮತ್ತು ಸಲ್ಯೂಷನ್

ನೈಲಾನ್ ಕರಗುವುದು 260 ಡಿಗ್ರಿಯ ಆಸುಪಾಸಿನಲ್ಲಿ, ಮೆತ್ತಗಾಗುವುದು ಅದಕ್ಕೂ ಮೊದಲೇ. ದಪ್ಪ ಒಣ ಚರ್ಮದಲ್ಲಿ ಜೋರಾಗಿ ಓಡಿಸಿದರೆ ಸೂಜಿ ಅಷ್ಟು ಬಿಸಿಯಾಗಬಲ್ಲದು. ವೇಗ ಇಳಿಸಿ. ಹಳೇ ಕ್ಲಚ್ ಮೋಟಾರಿನಲ್ಲಿ ನಿಧಾನ ಓಡಿಸುವುದು ಕಷ್ಟ, ಸರ್ವೋ ಮೋಟಾರ್ ಹಾಕಿಸಿದರೆ ಈ ತೊಂದರೆ ಬಹುಪಾಲು ಹೋಗುತ್ತದೆ. ದಾರಕ್ಕೆ ಹಚ್ಚುವ ಸಿಲಿಕಾನ್ ಎಣ್ಣೆಯೂ ಸಹಾಯ ಮಾಡುತ್ತದೆ. ಮಷೀನ್ ಎಣ್ಣೆ ಹಚ್ಚಬೇಡಿ, ತಿಳಿ ಬಣ್ಣದ ಚರ್ಮಕ್ಕೆ ಕಲೆ ಹಿಡಿಯುತ್ತದೆ.

ಪದರ ಅಂಟಿಸಿದ ಸಲ್ಯೂಷನ್ ಹಸಿ ಇರುವಾಗಲೇ ಹೊಲಿಯಲು ಕೂರುವ ಅವಸರ ಎಲ್ಲ ಕಡೆ ಇದೆ. ಹಸಿ ಸಲ್ಯೂಷನ್ ಸೂಜಿಗೆ ಮೆತ್ತಿಕೊಳ್ಳುತ್ತದೆ, ಕಣ್ಣಿನಲ್ಲಿ ತುಂಬಿಕೊಳ್ಳುತ್ತದೆ, ದಾರ ಅದಕ್ಕೆ ಅಂಟಿ ಅಂಟಿ ಬರುತ್ತದೆ. ರಾತ್ರಿ ಅಂಟಿಸಿ ಬೆಳಿಗ್ಗೆ ಹೊಲಿಯಿರಿ. ಆಗದಿದ್ದರೆ ನಡುನಡುವೆ ನಿಲ್ಲಿಸಿ ಥಿನ್ನರ್ ಬಟ್ಟೆಯಿಂದ ಸೂಜಿ ಒರೆಸುತ್ತಿರಿ. ಅಂಟನ್ನು ಹೊಲಿಗೆಯ ಗೆರೆಯಿಂದ ಸ್ವಲ್ಪ ಪಕ್ಕಕ್ಕೆ ಹಚ್ಚಿದರೆ ಇನ್ನೂ ಒಳ್ಳೆಯದು.

ಪ್ಯಾಚರ್, ಮನೆ ಮಷೀನು

ಚಪ್ಪಲಿ ರಿಪೇರಿ ಮಾಡುವವರ ಹತ್ತಿರ ಇರುವ ಸಿಂಗರ್ 29ಕೆ ತರಹದ ಪ್ಯಾಚರ್ ಅದ್ಭುತವಾದ ಮಷೀನು, ಶೂ ಒಳಗೆಲ್ಲ ತೋಳು ತೂರಿಸಿ ಹೊಲಿಯಬಹುದು. ಆದರೆ ಅದರ ಷಟಲ್ ಪುಟ್ಟದು. ಚಿಕ್ಕ ಬಾಬಿನ್ನಿನ ಪ್ಯಾಚರಿಗೆ ವಿ-69 ಹಿತ, ವಿ-92 ಜಾಗ್ರತೆಯಿಂದ. ವಿ-138 ಹಾಕಿ ಹಿಂಜುತ್ತದೆ ಅಂದರೆ ಮಷೀನಿನದೇನೂ ತಪ್ಪಿಲ್ಲ. ಮನೆಯ ಕಪ್ಪು ಕಬ್ಬಿಣದ ಮಷೀನೂ ಹಾಗೆಯೇ. ಗಟ್ಟಿಮುಟ್ಟಾಗಿದೆ, ಮೋಟಾರ್ ಹಾಕಿದರೆ ಚರ್ಮವನ್ನೂ ಚುಚ್ಚುತ್ತದೆ, ಆದರೆ ವಿ-69 ದಾರ ಮತ್ತು 18ರ ಚರ್ಮದ ಸೂಜಿಯೇ ಅದರ ಮಿತಿ. ಅದರ ಮೇಲೆ ಬೇಕಾದರೆ ವಾಕಿಂಗ್ ಫುಟ್ ಮಷೀನ್ ಇರುವ ಕಡೆ ಕೂಲಿಗೆ ಹೊಲಿಸಿಕೊಳ್ಳಿ. ಬೆಂಗಳೂರಿನವರಾದರೆ ಜೆ.ಸಿ. ರೋಡಿನ ಸೀಟ್ ಕವರ್ ಹೊಲಿಯುವವರನ್ನು ಕೇಳಿ ನೋಡಬಹುದು.

ಶುರುವಿನಲ್ಲಿ, ಕೊನೆಯಲ್ಲಿ ಮಾತ್ರ ಹಿಂಜಿದರೆ

ಹೊಲಿಗೆಯ ನಡುವೆ ಎಲ್ಲ ಸರಿ, ಶುರುವಿನಲ್ಲಿ ಮತ್ತು ರಿವರ್ಸ್ ಹಾಕುವಾಗ ಮಾತ್ರ ದಾರ ಕೆಡುತ್ತದೆ ಅನ್ನುವುದು ಬೇರೆಯೇ ಕಥೆ. ರಿವರ್ಸಿನಲ್ಲಿ ಸೂಜಿ ಈಗಾಗಲೇ ದಾರ ಇರುವ ತೂತಿಗೇ ಇಳಿಯುತ್ತದೆ, ಕೊಯ್ಯುವ ಮೊನೆ ಹಳೇ ದಾರವನ್ನು ಕೊಯ್ಯುತ್ತದೆ. ಜೊತೆಗೆ ನಾವು ಕೈಯಿಂದ ಚರ್ಮವನ್ನು ಎಳೆದರೆ ಸೂಜಿ ಬಾಗಿ ಹುಕ್ಕಿನ ದಾರಿಗೆ ಬರುತ್ತದೆ. ಎಳೆಯಬೇಡಿ, ಮಷೀನೇ ತಳ್ಳಲಿ. ಶುರುವಿನಲ್ಲಿ ಎರಡೂ ದಾರದ ತುದಿಯನ್ನು ಮೂರು ನಾಲ್ಕು ಇಂಚು ಬಿಟ್ಟು ಫುಟ್ಟಿನ ಹಿಂದೆ ಹಿಡಿದುಕೊಂಡು ಮೊದಲ ಎರಡು ಹೊಲಿಗೆಯನ್ನು ಕೈಗಾಲಿಯಲ್ಲೇ ಹಾಕಿ. ರಿವರ್ಸ್ ಎರಡು ಮೂರು ಹೊಲಿಗೆ ಸಾಕು, ಅದೂ ನಿಧಾನಕ್ಕೆ. ಕಾಣುವ ಜಾಗದಲ್ಲಿ ರಿವರ್ಸೇ ಹಾಕದೆ, ಮೇಲಿನ ದಾರವನ್ನು ಅಡಿಗೆ ಎಳೆದು, ಬಾಬಿನ್ ದಾರದ ಜೊತೆ ಗಂಟು ಹಾಕಿ, ಒಂದೆರಡು ಮಿ.ಮೀ. ಬಿಟ್ಟು ಕತ್ತರಿಸಿ, ಲೈಟರಿನಿಂದ ತುದಿ ಮಾತ್ರ ಕರಗಿಸಿ ಒತ್ತಿಬಿಡಿ. ಬೆಂಕಿ ಚರ್ಮಕ್ಕೆ ತಾಗದಿರಲಿ, ಒಂದು ಕ್ಷಣ ಜಾಸ್ತಿಯಾದರೂ ಚರ್ಮ ಸುಟ್ಟು ಮುದುಡುತ್ತದೆ.